ಹಡಗು ಸಂಜೆಗೆ ಹೊರಟುಹೋದರೆ ಸಾಕ್ಷಿ ಹೇಳುವವರು ಯಾರು?

ಮಳೆಗಾಲ ಕಳೆದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ಆಗಾಗ ಕ್ರೂಸ್ ಹಡಗು ಬಂದು ನಿಲ್ಲುತ್ತದೆ. ಬೆಳಿಗ್ಗೆ ಬಂದದ್ದು ಸಾಮಾನ್ಯವಾಗಿ ಸಂಜೆಗೆ ಕೊಚ್ಚಿಯ ಕಡೆಗೋ ಗೋವಾದ ಕಡೆಗೋ ಹೊರಟುಬಿಡುತ್ತದೆ. ಇಳಿದವರಲ್ಲಿ ಬಹುಪಾಲು ಯುರೋಪು, ಅಮೆರಿಕದ ವಯಸ್ಸಾದವರು. ಒಂದು ಗುಂಪು ಬಸ್ಸು ಹತ್ತಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟನನ್ನು ನೋಡಿ ಬರುತ್ತದೆ. ಇನ್ನೊಂದು ಗುಂಪು ಕುದ್ರೋಳಿ ದೇವಸ್ಥಾನ, ಸೇಂಟ್ ಅಲೋಶಿಯಸ್ ಚಾಪೆಲ್ಲಿನ ಚಿತ್ರಗಳು, ಗೋಡಂಬಿ ಕಾರ್ಖಾನೆ, ಮಾರುಕಟ್ಟೆ ಎಂದು ಊರೊಳಗೇ ತಿರುಗುತ್ತದೆ. ಅವರ ಕೈಯಲ್ಲಿರುವುದು ಎಂಟೋ ಹತ್ತೋ ಗಂಟೆ. ನೋಡುವುದು, ತಿನ್ನುವುದು, ಕೊಳ್ಳುವುದು, ಚೌಕಾಸಿ ಮಾಡುವುದು ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ದುರದೃಷ್ಟಕ್ಕೆ ಪರ್ಸು ಕಳುವಾದರೆ, ಯಾರಾದರೂ ಮೈಮೇಲೆ ಕೈಹಾಕಿದರೆ, ಠಾಣೆಗೆ ಹೋಗಿ ದೂರು ಕೊಡುವುದೂ ಅಷ್ಟರಲ್ಲೇ ಆಗಬೇಕು.

ಪ್ರವಾಸಿಯ ಬಳಿ ಹಣ ಇರುತ್ತದೆ, ಕ್ಯಾಮೆರಾ ಇರುತ್ತದೆ, ಅದಕ್ಕೇ ಕಳ್ಳರ ಕಣ್ಣು ಅವನ ಮೇಲೆ ಎಂದು ನಾವು ಅಂದುಕೊಳ್ಳುತ್ತೇವೆ. ಅದು ಅರ್ಧ ನಿಜ ಅಷ್ಟೆ. ಹಣ ಊರಿನ ಶ್ರೀಮಂತರ ಬಳಿಯೂ ಇರುತ್ತದೆ. ಆದರೆ ಊರಿನವನು ನಾಳೆಯೂ ಇಲ್ಲೇ ಇರುತ್ತಾನೆ, ಠಾಣೆಗೆ ಹತ್ತು ಸಲ ಅಲೆಯುತ್ತಾನೆ, ಆರೋಪಿಯನ್ನು ಗುರುತು ಹಿಡಿಯುತ್ತಾನೆ, ಎರಡು ವರ್ಷ ಬಿಟ್ಟಾದರೂ ಕೋರ್ಟಿನ ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳುತ್ತಾನೆ. ಪ್ರವಾಸಿಗೆ ಆ ಅವಕಾಶವಿಲ್ಲ. ಹಡಗು ಕಾಯುವುದಿಲ್ಲ ಎಂಬುದು ಅವನಿಗೂ ಗೊತ್ತು, ಅವನನ್ನು ದೋಚುವವನಿಗೂ ಗೊತ್ತು. ಬಂದರು ಊರುಗಳಲ್ಲಿ ಪ್ರವಾಸಿಗಳ ಮೇಲೆ ನಡೆಯುವ ಅಪರಾಧದ ಬೇರು ಇರುವುದು ಇಲ್ಲಿ.

ಮಡಕಶಿರಾ ತಾಲ್ಲೂಕಿನ ನಮ್ಮ ಅಮರಾಪುರದಿಂದ ಸಮುದ್ರ ಬಲು ದೂರ. ಆದರೂ ಈ ಸಂಗತಿ ನಮ್ಮ ಸೀಮೆಯವರಿಗೆ ಬೇಗ ಅರ್ಥವಾಗುತ್ತದೆ. ಈ ತಾಲ್ಲೂಕು ಕರ್ನಾಟಕದೊಳಕ್ಕೆ ಚಾಚಿಕೊಂಡಿರುವ ಆಂಧ್ರದ ನೆಲ. ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು, ಸಂತೆ ಶಿರಾದ್ದು, ಸರ್ಕಾರ ಅಮರಾವತಿಯದ್ದು. ಒಂದು ಹೊಲದ ಬದು ದಾಟಿದರೆ ಠಾಣೆ ಬೇರೆ, ಕೋರ್ಟು ಬೇರೆ. "ಅದು ನಮ್ಮ ಸರಹದ್ದಿಗೆ ಬರಲ್ಲ ಕಣಪ್ಪ, ಅಲ್ಲಿಗೇ ಹೋಗಿ ಕೊಡು" ಎಂಬ ಮಾತು ಗಡಿಯಲ್ಲಿ ಹುಟ್ಟಿ ಬೆಳೆದವರಿಗೆ ಹೊಸದೇನಲ್ಲ. ಹಡಗಿನಿಂದ ಇಳಿದವನು ದಿನಕ್ಕೊಂದು ಬಂದರಿನಲ್ಲಿ ಎದುರಿಸುವುದೂ ಇದೇ ಮಾತನ್ನು, ಅವನಿಗೆ ತಿಳಿಯದ ಭಾಷೆಯಲ್ಲಿ.

ಹಡಗು ಹೋಯಿತು, ಇಬ್ಬರು ಉಳಿದರು

2015ರ ಮಾರ್ಚ್ 18. ಟ್ಯುನಿಷಿಯಾದ ರಾಜಧಾನಿ ಟ್ಯುನಿಸ್‌ಗೆ ಸಮೀಪದ ಲಾ ಗುಲೆತ್ ಬಂದರಿನಲ್ಲಿ ಎರಡು ದೊಡ್ಡ ಹಡಗುಗಳು ನಿಂತಿದ್ದವು: ಕೋಸ್ಟಾ ಫಾಸಿನೋಸಾ ಮತ್ತು ಎಂಎಸ್‌ಸಿ ಸ್ಪ್ಲೆಂಡಿಡಾ. ಪ್ರಯಾಣಿಕರು ಬಸ್ಸುಗಳಲ್ಲಿ ಬಾರ್ಡೊ ವಸ್ತುಸಂಗ್ರಹಾಲಯಕ್ಕೆ ಹೋದರು. ಅಲ್ಲಿ ಬಂದೂಕುಧಾರಿಗಳು ನುಗ್ಗಿ ಗುಂಡು ಹಾರಿಸಿದರು. ಸತ್ತ ಇಪ್ಪತ್ತಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಆ ಹಡಗುಗಳಿಂದ ಇಳಿದು ಬಂದವರೇ. ಸ್ಪೇನ್ ದೇಶದ ಒಂದು ಜೋಡಿ, ಹೆಂಡತಿ ಬಸುರಿ, ಕಟ್ಟಡದೊಳಗೆ ಅವಿತು ಕೂತಿತು. ಗುಂಡಿನ ಸದ್ದು ನಿಂತ ಮೇಲೂ ಅವರಿಗೆ ಹೊರಬರುವ ಧೈರ್ಯ ಬರಲಿಲ್ಲ. ರಾತ್ರಿಯಿಡೀ ಹಾಗೇ ಇದ್ದರು. ಅವರು ಸಿಕ್ಕಿದ್ದು ಮಾರನೆಯ ಬೆಳಿಗ್ಗೆ. ಅವರನ್ನು ಕರೆತಂದ ಹಡಗು ಅದೇ ಬೆಳಿಗ್ಗೆ ಬಾರ್ಸಿಲೋನಾದ ಕಡೆಗೆ ಹೊರಟಿತು.

ಹಡಗಿನವರನ್ನು ಇಲ್ಲಿ ದೂರಿ ಫಲವಿಲ್ಲ. ಸಾವಿರಾರು ಜನರನ್ನು ಹೊತ್ತ ಹಡಗು ಅಪಾಯದ ಊರಿನಲ್ಲಿ ಲಂಗರು ಹಾಕಿ ಕೂರುವಂತಿಲ್ಲ. ಆದರೆ ಆ ಘಟನೆಯಿಂದ ಪೆಟ್ಟು ತಿಂದವರಲ್ಲಿ ಟ್ಯುನಿಸ್‌ನ ಬಡವರೂ ಸೇರಿದ್ದರು. ಕ್ರೂಸ್ ಕಂಪನಿಗಳು ಆ ಬಂದರನ್ನು ತಮ್ಮ ಪಟ್ಟಿಯಿಂದ ಕೈಬಿಟ್ಟವು. ಟ್ಯಾಕ್ಸಿ ಓಡಿಸುವವರು, ಮಣಿಸರ ಮಾರುವವರು, ಗೈಡುಗಳು ಬರಿಗೈಯಾದರು.

ಎಲ್ಲ ಪ್ರಕರಣಗಳೂ ಇಷ್ಟು ಭೀಕರವಲ್ಲ. 2012ರ ಫೆಬ್ರುವರಿಯಲ್ಲಿ ಮೆಕ್ಸಿಕೋದ ಪ್ವೆರ್ತೊ ವಲ್ಲಾರ್ತಾ ಬಂದರಿನಲ್ಲಿ ಕಾರ್ನಿವಲ್ ಸ್ಪ್ಲೆಂಡರ್ ಹಡಗಿನ 22 ಪ್ರಯಾಣಿಕರು ಕಾಡುದಾರಿಯ ಪ್ರವಾಸಕ್ಕೆ ಹೋಗಿದ್ದಾಗ ಬಂದೂಕು ತೋರಿಸಿ ಅವರ ಬಳಿ ಇದ್ದದ್ದನ್ನೆಲ್ಲ ದೋಚಲಾಯಿತು. ಯಾರಿಗೂ ಗಾಯವಾಗಲಿಲ್ಲ. ಇದಕ್ಕಿಂತಲೂ ಸಾಮಾನ್ಯವಾದದ್ದು ಜೇಬುಗಳ್ಳತನ, ಬ್ಯಾಗು ಕಸಿಯುವುದು, ಟ್ಯಾಕ್ಸಿಯಲ್ಲಿ ಮೂರು ಪಟ್ಟು ಬಾಡಿಗೆ, ನಕಲಿ ರತ್ನ, ನಕಲಿ ಗೈಡು. ಇಂಥವುಗಳಲ್ಲಿ ಎಷ್ಟೋ ದೂರಾಗಿ ದಾಖಲಾಗುವುದೇ ಇಲ್ಲ. ಕಳಕೊಂಡದ್ದು ಐದು ಸಾವಿರ ರೂಪಾಯಿ, ಠಾಣೆಯಲ್ಲಿ ಕಳೆಯಬೇಕಾದದ್ದು ನಾಲ್ಕು ಗಂಟೆ, ಹಡಗಿಗೆ ಉಳಿದಿರುವುದು ಮೂರು ಗಂಟೆ ಎಂದಾದಾಗ ಯಾರು ತಾನೇ ಠಾಣೆಗೆ ಹೋಗುತ್ತಾರೆ?

ಡೆಕ್ಕಿನ ಮೇಲೊಂದು ಕಾನೂನು, ಗೇಟಿನಾಚೆ ಇನ್ನೊಂದು

ಹಡಗಿನ ಪ್ರಯಾಣಿಕ ದಿನವೊಂದರಲ್ಲಿ ಎಷ್ಟು ಸರಹದ್ದು ದಾಟುತ್ತಾನೆ ಎಂಬುದನ್ನು ನೋಡಬೇಕು. 1982ರ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ಕರಾವಳಿಯಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್, ಆಯಾ ದೇಶದ ಸಮುದ್ರ. ತೆರೆದ ಕಡಲಿನಲ್ಲಿ ಹಡಗಿನ ಮೇಲೆ ನಡೆಯುವುದಕ್ಕೆ ಅದು ಯಾವ ದೇಶದ ಬಾವುಟ ಹಾರಿಸುತ್ತದೆಯೋ ಆ ದೇಶದ ಕಾನೂನು ಮುಖ್ಯ. ದೊಡ್ಡ ಕ್ರೂಸ್ ಹಡಗುಗಳಲ್ಲಿ ಬಹಳಷ್ಟು ನೋಂದಣಿಯಾಗಿರುವುದು ಬಹಾಮಾಸ್, ಪನಾಮಾ, ಮಾಲ್ಟಾದಂಥ ದೇಶಗಳಲ್ಲಿ. ಹಾಗಾಗಿ ಇಟಲಿಯವಳೊಬ್ಬಳ ಒಡವೆಯನ್ನು ಅರಬ್ಬಿ ಸಮುದ್ರದ ನಡುವೆ ಇನ್ನೊಬ್ಬ ದೇಶದವನು ಕದ್ದರೆ, ಆ ಪ್ರಕರಣದ ನಂಟು ಕಣ್ಣಿಗೆ ಕಾಣದ ಯಾವುದೋ ದ್ವೀಪದ ಪೊಲೀಸರ ಜೊತೆಗೆ.

ಹಡಗು ಪಣಂಬೂರಿಗೆ ಬಂದು ಕಟ್ಟಿಕೊಂಡಿತು ಎನ್ನಿ. ಬಂದರಿನ ಆವರಣದ ಕಾವಲು ಸಿಐಎಸ್‌ಎಫ್‌ನದು. ಪಾಸ್‌ಪೋರ್ಟ್ ನೋಡುವವರು ವಲಸೆ ಅಧಿಕಾರಿಗಳು. ಗೇಟು ದಾಟಿದರೆ ಮಂಗಳೂರು ನಗರ ಪೊಲೀಸರು. ಮೂಡುಬಿದಿರೆ ಕಳೆದು ಕಾರ್ಕಳಕ್ಕೆ ಕಾಲಿಟ್ಟರೆ ಉಡುಪಿ ಜಿಲ್ಲೆಯ ಪೊಲೀಸರು. ಬಸ್ಸಿನ ಕಿಟಕಿಯಲ್ಲಿ ತೆಂಗಿನ ತೋಟ ನೋಡುತ್ತ ಕೂತವರಿಗೆ ಇದ್ಯಾವುದೂ ತಿಳಿಯುವುದಿಲ್ಲ. ಪರ್ಸು ಎಲ್ಲಿ ಹೋಯಿತು ಎಂದು ಹೇಳಲಾಗದಿದ್ದರೆ ದೂರು ಯಾವ ಠಾಣೆಗೆ?

ಅಮೆರಿಕ 2010ರಲ್ಲಿ ಕ್ರೂಸ್ ಹಡಗುಗಳ ಭದ್ರತೆಗೆಂದೇ ಒಂದು ಕಾಯ್ದೆ ತಂದಿತು. ಹಡಗಿನ ಕಟಾಂಜನ 42 ಇಂಚಿಗಿಂತ ಕಡಿಮೆ ಇರಕೂಡದು, ಕೋಣೆಯ ಬಾಗಿಲಿಗೆ ಹೊರಗಿನವರನ್ನು ನೋಡುವ ಕಿಂಡಿ ಇರಬೇಕು, ಲೈಂಗಿಕ ದೌರ್ಜನ್ಯವಾದರೆ ಸಾಕ್ಷ್ಯ ಸಂಗ್ರಹಿಸುವ ಸಲಕರಣೆ ಮತ್ತು ತರಬೇತಿ ಪಡೆದ ವೈದ್ಯಕೀಯ ಸಿಬ್ಬಂದಿ ಹಡಗಿನಲ್ಲೇ ಇರಬೇಕು, ಕೊಲೆ, ಅಪಹರಣ, ನಾಪತ್ತೆ, 10,000 ಡಾಲರ್ ಮೀರಿದ ಕಳವಿನಂಥ ಪ್ರಕರಣಗಳನ್ನು ಎಫ್‌ಬಿಐಗೆ ತಿಳಿಸಬೇಕು ಎಂದು ಅದು ಹೇಳುತ್ತದೆ. ಒಳ್ಳೆಯ ಕಾಯ್ದೆ. ಆದರೆ ಅದರ ಕೈ ಹಡಗಿನ ಮೆಟ್ಟಿಲಿನ ತನಕ ಮಾತ್ರ ಚಾಚುತ್ತದೆ. ಬಂದರಿನ ಊರಿನೊಳಗೆ ನಡೆದದ್ದು ಆ ಊರಿನ ಠಾಣೆಗೆ ಸೇರಿದ್ದು.

ಛತ್ರದಲ್ಲಿ ಜೊತೆಯಾದವರು

ಸರಹದ್ದಿನ ಸಂದಿಯಲ್ಲಿ ಪ್ರಯಾಣಿಕನನ್ನು ಹಿಡಿಯುವ ಈ ವಿದ್ಯೆ ನಮ್ಮ ಸೀಮೆಗೂ ಹಳೆಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಸುತ್ತಮುತ್ತ ಪ್ರಯಾಣಿಕರನ್ನು ಕುಣಿಕೆ ಹಾಕಿ ಕೊಲ್ಲುವ ಸುಮಾರು ನೂರು ಮಂದಿ ಫಾಂಸಿಗಾರರು ಸೆರೆಯಾದರು. 1807ರಲ್ಲಿ ಚಿತ್ತೂರು ಮತ್ತು ಆರ್ಕಾಟಿನ ನಡುವೆ, ತಿರುವಾಂಕೂರಿನ ಕಡೆಯಿಂದ ಲೂಟಿ ಹೊತ್ತು ಮರಳುತ್ತಿದ್ದ ಇನ್ನೊಂದು ತಂಡದವರು ಸಿಕ್ಕಿಬಿದ್ದರು. ಮದರಾಸಿನಲ್ಲಿ ವೈದ್ಯನಾಗಿದ್ದ ರಿಚರ್ಡ್ ಶೆರ್‌ವುಡ್ 1816ರಲ್ಲಿ ಇವರ ಬಗ್ಗೆ ಬರೆದ ಲೇಖನದಲ್ಲಿ ಕನ್ನಡದವರು ಇವರನ್ನು ತಂತಿಕಳ್ಳರು ಎನ್ನುತ್ತಾರೆಂದು ದಾಖಲಿಸಿದ್ದಾನೆ. ಮೈಸೂರು, ಬಾಲಾಘಾಟ, ಕರ್ನಾಟಿಕ್ ಸೀಮೆಗಳು ಕೂಡುವ ಪಾಳೆಯಗಾರರ ಪ್ರದೇಶ ಇವರ ನೆಲೆ ಎಂಬುದು ಅವನ ವಿವರಣೆ. ಬಾಲಾಘಾಟವೆಂದರೆ 1800ರಲ್ಲಿ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಬಳ್ಳಾರಿ, ಅನಂತಪುರ, ಕಡಪದ ಸೀಮೆ.

ಶೆರ್‌ವುಡ್ ವರ್ಣಿಸುವ ಅವರ ಕ್ರಮ ಗಮನಿಸುವಂಥದ್ದು. ದಾರಿಯಲ್ಲೋ ಛತ್ರದಲ್ಲೋ ಪ್ರಯಾಣಿಕರಂತೆ ಬಂದು ಜೊತೆಗೂಡುವುದು, ವಿಶ್ವಾಸ ಗಳಿಸುವುದು, ನಿರ್ಜನ ಜಾಗದಲ್ಲಿ ಕುಣಿಕೆ ಹಾಕಿ ಕೊಂದು ಹೂತುಬಿಡುವುದು. ಅವರು ತಮ್ಮೂರಿನ ಹತ್ತಿರ ಕೈಹಾಕುತ್ತಿರಲಿಲ್ಲ, ದೂರದ ಸೀಮೆಗೆ ಹೋಗಿ, ದೂರದಿಂದ ಬಂದವರನ್ನೇ ಆರಿಸುತ್ತಿದ್ದರು. ಹೊರಟವನು ತಲುಪಲಿಲ್ಲ ಎಂಬುದು ಊರಿನವರಿಗೆ ತಿಳಿಯುವ ಹೊತ್ತಿಗೆ ತಿಂಗಳುಗಳು ಉರುಳಿರುತ್ತಿದ್ದವು. ಅತ್ತ ಉತ್ತರದಲ್ಲಿ 1810ರಲ್ಲಿ ಕಂಪನಿ ಸೈನ್ಯದ ಮೇಜರ್ ಜನರಲ್ ಸೇಂಟ್ ಲೆಜರ್, ರಜೆಯ ಮೇಲೆ ಊರಿಗೆ ಹೋಗುವ ಸಿಪಾಯಿಗಳಿಗೆ ಆಜ್ಞೆ ಹೊರಡಿಸಿದ: ನಗದು ಒಯ್ಯಬೇಡಿ, ಹುಂಡಿ ಮಾಡಿಸಿಕೊಳ್ಳಿ, ಕತ್ತಲಲ್ಲಿ ಹೊರಡಬೇಡಿ, ನಾವೂ ಅದೇ ದಾರಿಯವರು ಎಂದು ಬಂದು ಸೇರುವವರನ್ನು ನಂಬಬೇಡಿ. ಇಂದು ವಿದೇಶಾಂಗ ಇಲಾಖೆಗಳು ಹೊರಡಿಸುವ ಪ್ರಯಾಣ ಎಚ್ಚರಿಕೆಗಳಲ್ಲಿ ಇದಕ್ಕಿಂತ ಬೇರೆ ಮಾತು ಕಡಿಮೆ.

ಕಂಪನಿ ಸರ್ಕಾರ ಕೊನೆಗೆ ಕೈಹಾಕಿದ್ದು ಸರಹದ್ದಿಗೆ. 1836ರ 30ನೇ ಕಾಯ್ದೆಯ ಪ್ರಕಾರ ಇಂಥ ತಂಡಕ್ಕೆ ಸೇರಿದವರು ಎಂದು ಸಾಬೀತಾದರೆ, ಕೃತ್ಯ ಕಂಪನಿಯ ಸೀಮೆಯೊಳಗೆ ನಡೆದಿರಲಿ ಹೊರಗೆ ನಡೆದಿರಲಿ, ಜೀವಾವಧಿ ಶಿಕ್ಷೆ. ಆದರೆ ಅದೇ ಕಾಯ್ದೆ ಕೃತ್ಯಕ್ಕಿಂತ ಕುಲವನ್ನು ನೋಡುವ ಅಭ್ಯಾಸಕ್ಕೂ ದಾರಿ ಮಾಡಿತು. 1871ರ ಕ್ರಿಮಿನಲ್ ಬುಡಕಟ್ಟು ಕಾಯ್ದೆ ಎಷ್ಟೋ ಅಲೆಮಾರಿ ಸಮುದಾಯಗಳ ಮೇಲೆ ಹುಟ್ಟುಗಳ್ಳರೆಂಬ ಮುದ್ರೆ ಒತ್ತಿತು. ಅದು ರದ್ದಾದದ್ದು ಸ್ವಾತಂತ್ರ್ಯ ಬಂದ ಐದು ವರ್ಷಕ್ಕೆ, 1952ರಲ್ಲಿ. ಅಂದಿನ ಅಧಿಕಾರಿಗಳ ಬರಹವನ್ನು ಇತಿಹಾಸಕಾರರು ಇಂದು ಅನುಮಾನದಿಂದಲೇ ಓದುತ್ತಾರೆ. ಪ್ರವಾಸಿಗಳ ರಕ್ಷಣೆಯ ಹೆಸರಿನಲ್ಲಿ ಬಂದರಿನ ಬೀದಿ ವ್ಯಾಪಾರಿಗಳನ್ನು, ಆಟೊ ಚಾಲಕರನ್ನು ಸಾರಾಸಗಟಾಗಿ ಓಡಿಸಲು ಹೊರಡುವವರು ಈ ಚರಿತ್ರೆಯನ್ನು ಒಮ್ಮೆ ನೆನೆಯಬೇಕು.

ಬದುವಿನಾಚೆಯ ಠಾಣೆ

ಇಂದಿನ ಕಾನೂನು ಪ್ರಯಾಣಿಕನ ಪರವಾಗಿ ಇದೆ. ಪ್ರಯಾಣದ ನಡುವೆ ನಡೆದ ಅಪರಾಧವನ್ನು ಆ ಪ್ರಯಾಣದ ದಾರಿಯಲ್ಲಿ ಬರುವ ಯಾವ ಕೋರ್ಟಿನಲ್ಲಾದರೂ ವಿಚಾರಣೆ ಮಾಡಬಹುದು ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 183ನೇ ಕಲಮು ಹೇಳುತ್ತಿತ್ತು. ರೈಲು, ಬಸ್ಸು, ಹಡಗು ಎಲ್ಲಕ್ಕೂ ಅದು ಅನ್ವಯ. ಹೊಸ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ದೆಹಲಿಯ 2012ರ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ ನ್ಯಾಯಮೂರ್ತಿ ವರ್ಮಾ ಸಮಿತಿ, ಸರಹದ್ದು ನೋಡದೆ ದೂರು ದಾಖಲಿಸುವ ಝೀರೊ ಎಫ್‌ಐಆರ್‌ಗೆ ಒತ್ತು ಕೊಟ್ಟಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಅದು ಕಾನೂನೇ ಆಗಿದೆ. ಬಂಧನಯೋಗ್ಯ ಗಂಭೀರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಬಾಯಿಮಾತಿನಲ್ಲಿ ಹೇಳಬಹುದು, ಇ-ಮೇಲಿನಂಥ ವಿದ್ಯುನ್ಮಾನ ಮಾರ್ಗದಲ್ಲೂ ಕಳಿಸಬಹುದು. ಹಾಗೆ ಕಳಿಸಿದ್ದಕ್ಕೆ ಮೂರು ದಿನದೊಳಗೆ ಸಹಿ ಹಾಕಬೇಕು. ಬಾಯಿಮಾತಿನ ದೂರನ್ನು ಬರೆದುಕೊಂಡು, ಹೇಳಿದವರಿಗೆ ಓದಿ ಹೇಳಬೇಕು. ಪ್ರತಿಯನ್ನು ಉಚಿತವಾಗಿ ಕೊಡಬೇಕು.

ಆ ಮೂರು ದಿನದ ಷರತ್ತನ್ನು ನೋಡಿ. ಇ-ಮೇಲಿನಲ್ಲಿ ದೂರು ಕಳಿಸಿದ ಹಡಗಿನ ಪ್ರಯಾಣಿಕ ಮೂರನೆಯ ದಿನಕ್ಕೆ ಮಾಲ್ಡೀವ್ಸಿನಲ್ಲಿರುತ್ತಾನೆ. ಕಾನೂನು ಬರೆದವರ ಕಣ್ಣೆದುರು ಇದ್ದದ್ದು ಊರಿನಲ್ಲೇ ಉಳಿಯುವ ದೂರುದಾರ. ಓದಿ ಹೇಳಬೇಕೆಂಬ ನಿಯಮವೂ ಹಾಗೆಯೇ. ತೆಲುಗಿನಲ್ಲಿ ಬರೆದ ದೂರನ್ನು ಕನ್ನಡ ಮಾತ್ರ ಬಲ್ಲ ಅಮರಾಪುರದ ಅಜ್ಜಿಗೆ ತೆಲುಗಿನಲ್ಲೇ ಓದಿ ಹೇಳಿದರೆ ನಿಯಮ ಪಾಲನೆಯಾದಂತೆ ಕಾಣುತ್ತದೆ, ಅಜ್ಜಿಗೆ ಮಾತ್ರ ತಾನು ಯಾವುದಕ್ಕೆ ಹೆಬ್ಬೆಟ್ಟು ಒತ್ತಿದೆ ಎಂಬುದು ಗೊತ್ತಾಗುವುದಿಲ್ಲ. ಜರ್ಮನಿಯಿಂದ ಬಂದವಳಿಗೆ ಪಣಂಬೂರಿನಲ್ಲಿ ಕನ್ನಡದ ದೂರು ಅಷ್ಟೇ ಅಪರಿಚಿತ. ಕೇಂದ್ರ ಪ್ರವಾಸೋದ್ಯಮ ಇಲಾಖೆ 2016ರಲ್ಲಿ 1363 ಎಂಬ ಸಹಾಯವಾಣಿಯನ್ನು ಹನ್ನೆರಡು ಭಾಷೆಗಳಲ್ಲಿ ಶುರುಮಾಡಿತು: ಹಿಂದಿ, ಇಂಗ್ಲಿಷ್ ಮತ್ತು ಹತ್ತು ವಿದೇಶಿ ಭಾಷೆ. ವಿದೇಶಿಗರಿಗೆ ಇದು ದೊಡ್ಡ ಆಸರೆ, ನಿಜ. ಆದರೆ ಆ ಪಟ್ಟಿಯಲ್ಲಿ ಕನ್ನಡವೂ ಇರಲಿಲ್ಲ, ತೆಲುಗೂ ಇರಲಿಲ್ಲ. ವಿಶಾಖಪಟ್ಟಣದಲ್ಲೋ ಗೋವಾದಲ್ಲೋ ಪೇಚಿಗೆ ಸಿಕ್ಕ ನಮ್ಮೂರಿನವರೂ ಪ್ರವಾಸಿಗಳೇ ಅಲ್ಲವೆ?

2025ರ ಮಾರ್ಚ್ 6ರ ರಾತ್ರಿ ಹಂಪಿಗೆ ಸಮೀಪದ ಸಾಣಾಪುರದಲ್ಲಿ ನಡೆದದ್ದನ್ನು ಕನ್ನಡದವರು ಮರೆಯಲಾರರು. ಕಾಲುವೆ ದಡದಲ್ಲಿ ಕೂತಿದ್ದ ಐವರ ಮೇಲೆ ದಾಳಿ ನಡೆಯಿತು. ಇಸ್ರೇಲಿನಿಂದ ಬಂದಿದ್ದ ಪ್ರವಾಸಿ ಮತ್ತು ಹೋಂಸ್ಟೇ ನಡೆಸುತ್ತಿದ್ದ ಮಹಿಳೆ ಅತ್ಯಾಚಾರಕ್ಕೆ ಗುರಿಯಾದರು. ಕಾಲುವೆಗೆ ತಳ್ಳಲ್ಪಟ್ಟ ಒಡಿಶಾದ ಯುವಕ ಜೀವ ಕಳಕೊಂಡ. ಮೂವರು ಆರೋಪಿಗಳು ಸೆರೆಯಾದರು. ಆ ರಾತ್ರಿಯ ಸಾಕ್ಷಿಗಳಲ್ಲಿ ಹೆಚ್ಚಿನವರು ಬೇರೆ ಬೇರೆ ರಾಜ್ಯ, ಬೇರೆ ಬೇರೆ ದೇಶದವರು. ಇಂಥ ಪ್ರಕರಣ ನಿಲ್ಲುವುದೋ ಬೀಳುವುದೋ ಎಂಬುದು ಮೊದಲ ದಿನಗಳಲ್ಲಿ ಅವರ ಹೇಳಿಕೆಯನ್ನು ಎಷ್ಟು ಚೊಕ್ಕವಾಗಿ, ಎಷ್ಟು ಮರ್ಯಾದೆಯಿಂದ ದಾಖಲಿಸಿದರು ಎಂಬುದರ ಮೇಲೆ ನಿಂತಿರುತ್ತದೆ.

ಹೊರಡುವವರಿಗೆ ನಾಲ್ಕು ಮಾತು

ಕ್ರೂಸ್ ಈಗ ವಿದೇಶಿಯರದ್ದೇ ಆಗಿ ಉಳಿದಿಲ್ಲ. ಮುಂಬೈ, ಚೆನ್ನೈಗಳಿಂದ ಭಾರತದ ಕುಟುಂಬಗಳು ಹಡಗು ಹತ್ತುತ್ತಿವೆ. ವಿಶಾಖಪಟ್ಟಣದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಉದ್ಘಾಟನೆಯಾಯಿತು. ಕರಾವಳಿಯ ನೂರಾರು ಯುವಕರು ಇಂಥ ಹಡಗುಗಳ ಅಡುಗೆಮನೆ, ಊಟದ ಹಾಲ್‌ಗಳಲ್ಲಿ ದುಡಿಯುತ್ತಾರೆ. ಬಂದರಿನಲ್ಲಿ ಎರಡು ಗಂಟೆ ಬಿಡುವು ಸಿಕ್ಕಾಗ ಮನೆಗೆ ಫೋನು ಮಾಡಲೆಂದು ಇಳಿಯುವ ಅವರೂ ಇದೇ ಅಪಾಯಕ್ಕೆ ಒಡ್ಡಿಕೊಂಡವರು.

ಹಡಗಿನಲ್ಲಿ ದಿನವೂ ಕಾರ್ಯಕ್ರಮದ ಒಂದು ಹಾಳೆ ಕೊಡುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ತೋರಿಸುತ್ತಾರೆ. ತಿಂಡಿ, ಸಂಗೀತ, ಆಟಗಳ ವಿವರದ ನಡುವೆ ಎಲ್ಲರೂ ಹಡಗಿಗೆ ಮರಳಬೇಕಾದ ಸಮಯ ಇರುತ್ತದೆ. ಸಣ್ಣಕ್ಷರದಲ್ಲಿ ಆ ಬಂದರಿನ ಏಜೆಂಟರ ಹೆಸರು, ಫೋನ್ ನಂಬರೂ ಇರುವುದುಂಟು. ಬಂದರು ಏಜೆಂಟರೆಂದರೆ ಆ ಊರಿನಲ್ಲಿ ಹಡಗಿನ ಪರವಾಗಿ ಓಡಾಡುವ ಸ್ಥಳೀಯರು. ಠಾಣೆ, ಆಸ್ಪತ್ರೆ, ರಾಯಭಾರ ಕಚೇರಿ ಎಲ್ಲಿವೆಯೆಂದು ಬಲ್ಲವರು ಅವರೇ. ಇಳಿಯುವ ಮೊದಲು ಆ ಹಾಳೆಯ ಫೋಟೊ ತೆಗೆದಿಟ್ಟುಕೊಳ್ಳಿ. ಹಡಗಿನ ಗಡಿಯಾರಕ್ಕೂ ಊರಿನ ಗಡಿಯಾರಕ್ಕೂ ವ್ಯತ್ಯಾಸವಿದೆಯೇ ಎಂದು ಕೇಳಿ ತಿಳಿಯಿರಿ.

ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ನೀವೇ ಟ್ಯಾಕ್ಸಿ ಹಿಡಿದು ಹೋಗಿದ್ದರೆ ಕಾಯುವುದಿಲ್ಲ. ಸ್ವಂತವಾಗಿ ಹೋಗುವವರು ಮರಳಲು ಎರಡು ಗಂಟೆಯಾದರೂ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಪಾಸ್‌ಪೋರ್ಟ್ ಒಯ್ಯಲೇಬೇಕೆಂಬ ನಿಯಮ ಆ ಬಂದರಿನಲ್ಲಿ ಇಲ್ಲದಿದ್ದರೆ ಅದನ್ನು ಹಡಗಿನಲ್ಲೇ ಭದ್ರವಾಗಿಟ್ಟು ನಕಲು ಒಯ್ಯುವುದು ಲೇಸು. ಒಡವೆ ಹಾಕಿಕೊಂಡು ಇಳಿಯಬೇಡಿ. ಹಣವನ್ನು ಒಂದೇ ಕಡೆ ಇಡಬೇಡಿ. ಬಂದೂಕೋ ಚಾಕುವೋ ಎದುರಾದರೆ ಕೇಳಿದ್ದನ್ನು ಕೊಟ್ಟುಬಿಡಿ. ಭಾರತದ ಯಾವ ಊರಿನಲ್ಲಾದರೂ ತುರ್ತಿಗೆ 112. ಠಾಣೆಯಲ್ಲಿ ಸರಹದ್ದಿನ ಮಾತು ಬಂದರೆ ಝೀರೊ ಎಫ್‌ಐಆರ್ ಎಂದು ಸ್ಪಷ್ಟವಾಗಿ ಕೇಳಿ, ನಿಮಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿಸಿಕೊಂಡು ಸಹಿ ಮಾಡಿ, ಪ್ರತಿ ಪಡೆಯದೆ ಹೊರಗೆ ಬರಬೇಡಿ. ವಿಮೆ ಕೇಳಲು ಬೇಕಾಗುವುದೂ ಅದೇ ಪ್ರತಿ.

ಠಾಣೆಯೇ ಹಡಗಿನ ಬಳಿಗೆ ಬರಲಿ

ಎಚ್ಚರಿಕೆಯ ಹೊಣೆಯನ್ನೆಲ್ಲ ಪ್ರಯಾಣಿಕನ ತಲೆಗೆ ಕಟ್ಟುವುದು ಸುಲಭ. ಆದರೆ ಎಷ್ಟು ಎಚ್ಚರವಾಗಿದ್ದರೂ ಅವನ ಬಳಿ ಇಲ್ಲದಿರುವುದು ಸಮಯ. ಅದನ್ನು ಕೊಡಬಲ್ಲದ್ದು ವ್ಯವಸ್ಥೆ ಮಾತ್ರ. ಪಣಂಬೂರಿನಲ್ಲಿ ಹಡಗು ಬಂದ ದಿನ ವಲಸೆ ಕೌಂಟರುಗಳು ತೆರೆಯುತ್ತವೆ, ಊರು ಸುತ್ತಿಸಲು ಬಸ್ಸು, ಕಾರು ಸಾಲುಗಟ್ಟುತ್ತವೆ, ಸ್ವಾಗತಕ್ಕೆ ಯಕ್ಷಗಾನದ ವೇಷ ನಿಲ್ಲುತ್ತದೆ. ಇಷ್ಟೆಲ್ಲ ಮಾಡುವವರಿಗೆ, ಹಡಗಿನ ಮೆಟ್ಟಿಲ ಬಳಿ ಸಂಜೆಯವರೆಗೆ ಒಂದು ಪೊಲೀಸ್ ಮೇಜು ಹಾಕುವುದು ಹೊರೆಯಲ್ಲ. ಅಲ್ಲಿ ಒಬ್ಬ ಅಧಿಕಾರಿ, ಒಬ್ಬ ಮಹಿಳಾ ಸಿಬ್ಬಂದಿ, ಭಾಷೆ ಬಲ್ಲವರೊಬ್ಬರು ಇದ್ದರೆ ದೂರನ್ನು ಅಲ್ಲೇ ಬರೆದು, ಅಲ್ಲೇ ಸಹಿ ಮಾಡಿಸಿ, ಹೇಳಿಕೆಯನ್ನು ವಿಡಿಯೊದಲ್ಲಿ ದಾಖಲಿಸಬಹುದು. ಕದ್ದದ್ದು ಕಾರ್ಕಳದಲ್ಲಾಗಿದ್ದರೆ ದೂರನ್ನು ಅಲ್ಲಿಗೆ ಕಳಿಸುವುದು ಪೊಲೀಸರ ಕೆಲಸ, ಪ್ರಯಾಣಿಕನದಲ್ಲ.

ಆಮೇಲಿನ ಹಂತಕ್ಕೂ ಕಾನೂನಿನಲ್ಲಿ ದಾರಿಯಿದೆ. ವಿಚಾರಣೆಯನ್ನೂ ಸಾಕ್ಷಿ ಪಡೆಯುವುದನ್ನೂ ವಿದ್ಯುನ್ಮಾನ ಮಾಧ್ಯಮದ ಮೂಲಕ ನಡೆಸಬಹುದು ಎಂದು ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಮ್ಯೂನಿಕ್‌ನಲ್ಲಿ ಕೂತವರು ಮಂಗಳೂರಿನ ಕೋರ್ಟಿಗೆ ಸಾಕ್ಷಿ ಹೇಳಲು ಇನ್ನು ವಿಮಾನ ಹತ್ತಲೇಬೇಕೆಂದಿಲ್ಲ. ಈ ದಾರಿಯನ್ನು ನಿಜವಾಗಿ ಬಳಸಿ ನಾಲ್ಕು ಪ್ರಕರಣಗಳಲ್ಲಿ ಶಿಕ್ಷೆಯಾದರೂ ಸಾಕು, ಪ್ರವಾಸಿ ಹೇಗೂ ಹೊರಟುಹೋಗುತ್ತಾನೆ ಎಂಬ ಕಳ್ಳನ ಲೆಕ್ಕ ತಲೆಕೆಳಗಾಗುತ್ತದೆ.

ಬಂದರಿನಲ್ಲಿ ಇದು ಸಾಧ್ಯವಾದರೆ ಗಡಿಯಲ್ಲೂ ಸಾಧ್ಯವಾಗಬೇಕು. ಶಿರಾ ಜಾತ್ರೆಯಲ್ಲಿ ಸರ ಕಳಕೊಂಡ ನಮ್ಮ ಸೀಮೆಯ ರೊಳ್ಳದ ಹೆಂಗಸು ಅಮರಾಪುರದ ಠಾಣೆಯಲ್ಲಿ ಕನ್ನಡದಲ್ಲಿ ದೂರು ಹೇಳಿ, ಕನ್ನಡದಲ್ಲಿ ಓದಿಸಿಕೊಂಡು, ಪ್ರತಿ ಹಿಡಿದು ಮನೆಗೆ ಹೋಗುವಂತಾಗಬೇಕು. ಕಾನೂನು ಅದಕ್ಕೆ ಈಗಾಗಲೇ ಅನುಮತಿ ಕೊಟ್ಟಿದೆ. ಎರಡು ರಾಜ್ಯಗಳ ಪೊಲೀಸರು, ನಮ್ಮ ಜನಪ್ರತಿನಿಧಿಗಳು ಮಾಡಬೇಕಾದದ್ದು ಗಡಿ ಠಾಣೆಗಳಲ್ಲಿ ಎರಡೂ ಭಾಷೆ ಬಲ್ಲ ಬರಹಗಾರರನ್ನು ಕೂರಿಸುವುದು, ಝೀರೊ ಎಫ್‌ಐಆರ್ ದಾಖಲಿಸಿಕೊಳ್ಳದೆ ವಾಪಸು ಕಳಿಸಿದವರನ್ನು ಪ್ರಶ್ನಿಸುವುದು. ದಾರಿಹೋಕನಿಗೆ ನ್ಯಾಯ ಕೊಡಲು ಬಾರದ ಊರು ಎಷ್ಟೇ ಚೆಂದವಾಗಿ ಸಿಂಗರಿಸಿಕೊಂಡರೂ ಪ್ರವಾಸಿ ತಾಣ ಎನಿಸಿಕೊಳ್ಳಲಾರದು.